ಕಾಲೇಜು ಬಾಸ್ಕೆಟ್‌ಬಾಲ್‌ನ ಮಹಾರಥಿಗಳು: ಗಡಿ ಊರಿನ ಮಕ್ಕಳಿಗೆ ಆ ಅಂಗಳ ಎಷ್ಟು ದೂರ?

ಮಡಕಶಿರಾ: ಕಾಲೇಜು ಆಟ ಎಂದರೆ ರಾಯದುರ್ಗ, ಮಡಕಶಿರಾ ಕಡೆ ನೆನಪಿಗೆ ಬರುವುದು ವಾರ್ಷಿಕೋತ್ಸವಕ್ಕೆ ಮುಂಚಿನ ನಾಲ್ಕು ದಿನ. ಒಂದಿಷ್ಟು ಕಬಡ್ಡಿ, ಒಂದಿಷ್ಟು ವಾಲಿಬಾಲ್, ಖೋಖೋ, ಕೊನೆಗೊಂದು ಸ್ಟೀಲ್ ತಟ್ಟೆ ಬಹುಮಾನ. ಅಲ್ಲಿಗೆ ಮುಗಿಯಿತು! ಅಮೆರಿಕದಲ್ಲಿ ಮಾತ್ರ ಕಾಲೇಜು ಹುಡುಗ ಹುಡುಗಿಯರ ಬಾಸ್ಕೆಟ್‌ಬಾಲ್ ನೋಡಲು ಹದಿನೈದು, ಇಪ್ಪತ್ತು ಸಾವಿರ ಜನ ದುಡ್ಡು ಕೊಟ್ಟು ಬರುತ್ತಾರೆ. 2024ರ ಮಹಿಳಾ ಕಾಲೇಜು ಫೈನಲ್ ಪಂದ್ಯವನ್ನು ಅಲ್ಲಿ ಟೀವಿಯಲ್ಲಿ ನೋಡಿದವರು ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಹೆಚ್ಚು. ಪುರುಷರ ಫೈನಲ್‌ಗಿಂತ ಮಹಿಳೆಯರ ಫೈನಲ್‌ಗೆ ಹೆಚ್ಚು ಜನ ಕೂತದ್ದು ಅದೇ ಮೊದಲು.

ಹಾಗಾದರೆ ಈ ಕಾಲೇಜು ಆಟದಲ್ಲಿ ಇದುವರೆಗಿನ ಅತಿ ದೊಡ್ಡ ಆಟಗಾರ ಯಾರು? ಉತ್ತರ ಹುಡುಕುವ ಮುಂಚೆ ಒಂದು ಮಾತು. ಇಲ್ಲಿ ಲೆಕ್ಕಕ್ಕೆ ಬರುವುದು ಓದುವ ಮೂರು ನಾಲ್ಕು ವರ್ಷದಲ್ಲಿ ಆಡಿದ್ದು ಮಾತ್ರ. ಲೆಬ್ರಾನ್ ಜೇಮ್ಸ್, ಕೋಬಿ ಬ್ರಯಾಂಟ್ ಎಷ್ಟೇ ದೊಡ್ಡವರಾದರೂ ಈ ಪಟ್ಟಿಯಲ್ಲಿಲ್ಲ. ಅವರು ಹೈಸ್ಕೂಲಿನಿಂದ ನೇರ ವೃತ್ತಿ ಆಟಕ್ಕೆ ಹೋದವರು, ಕಾಲೇಜಿಗೆ ಆಡಲೇ ಇಲ್ಲ.

ಗೆಲುವೇ ಅಳತೆ ಎನ್ನುವವರು ಮೊದಲು ಹೇಳುವ ಹೆಸರು ಲೂ ಅಲ್ಸಿಂಡರ್. ಕರೀಂ ಅಬ್ದುಲ್ ಜಬ್ಬಾರ್ ಎಂದು ಮುಂದೆ ಜಗತ್ತೇ ಬಲ್ಲ ಈ ಏಳಡಿ ಮೀರಿದ ಹುಡುಗ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಆಡಿದ. ಮೊದಲ ವರ್ಷದವರನ್ನು ಮುಖ್ಯ ತಂಡಕ್ಕೆ ಸೇರಿಸುವ ಪದ್ಧತಿ ಆಗ ಇರಲಿಲ್ಲ. ಉಳಿದ ಮೂರು ವರ್ಷದಲ್ಲಿ ತಂಡ 88 ಪಂದ್ಯ ಗೆದ್ದು ಸೋತದ್ದು ಎರಡೇ ಎರಡು! 1967, 1968, 1969, ಮೂರೂ ವರ್ಷ ರಾಷ್ಟ್ರೀಯ ಕಿರೀಟ ಅವರದೇ. ಅವನ ಮೊದಲ ಹಂಗಾಮು ಮುಗಿದದ್ದೇ ತಡ, ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವ 'ಡಂಕ್' ಹೊಡೆತವನ್ನೇ ಕಾಲೇಜು ಆಟದಲ್ಲಿ ನಿಷೇಧಿಸಿದರು. ಆ ನಿಷೇಧ 1976ರವರೆಗೂ ಇತ್ತು. ಒಬ್ಬ ವಿದ್ಯಾರ್ಥಿಗೆ ಹೆದರಿ ನಿಯಮ ಬದಲಾಯಿಸಿದರು ಎಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ?

ಅಂಕವೇ ಅಳತೆ ಎನ್ನುವವರು ಪೀಟ್ ಮರಾವಿಚ್ ಎನ್ನುತ್ತಾರೆ. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಈತ 1970ಕ್ಕೆ ಓದು ಮುಗಿಸುವಷ್ಟರಲ್ಲಿ 83 ಪಂದ್ಯಗಳಲ್ಲಿ 3,667 ಅಂಕ ಗಳಿಸಿದ್ದ. ಪಂದ್ಯಕ್ಕೆ ಸರಾಸರಿ 44. ದೂರದ ಗೆರೆಯ ಆಚೆಯಿಂದ ಹಾಕಿದರೆ ಎರಡರ ಬದಲು ಮೂರು ಅಂಕ ಸಿಗುವ ನಿಯಮ ಆಗ ಬಂದಿರಲಿಲ್ಲ ಎಂಬುದನ್ನು ನೆನಪಿಡಬೇಕು. ಆ ದಾಖಲೆ ಐವತ್ನಾಲ್ಕು ವರ್ಷ ಹಾಗೇ ಉಳಿಯಿತು. 2024ರ ಮಾರ್ಚ್‌ನಲ್ಲಿ ಅದನ್ನು ದಾಟಿದ್ದು ಒಬ್ಬ ಹುಡುಗಿ, ಐಯೋವಾದ ಕೈಟ್ಲಿನ್ ಕ್ಲಾರ್ಕ್. ಆಕೆಯ ಒಟ್ಟು ಅಂಕ 3,951. ಪಂದ್ಯಗಳು ಮಾತ್ರ 139. ಆಕೆಗೆ ನಾಲ್ಕು ವರ್ಷ ಸಿಕ್ಕಿತು, ಮೂರಂಕದ ಗೆರೆಯೂ ಇತ್ತು. ಇಷ್ಟಾಗಿಯೂ ಮರಾವಿಚ್‌ಗೂ ಕ್ಲಾರ್ಕ್‌ಗೂ ರಾಷ್ಟ್ರೀಯ ಕಿರೀಟ ಒಮ್ಮೆಯೂ ದಕ್ಕಲಿಲ್ಲ.

ಇನ್ನೊಬ್ಬಳನ್ನು ಮರೆಯುವುದು ಅನ್ಯಾಯ. ಕಾನ್ಸಾಸ್‌ನ ಲಿನೆಟ್ ವುಡಾರ್ಡ್ 1981ರಲ್ಲೇ 3,649 ಅಂಕ ಗಳಿಸಿದ್ದಳು. ಆದರೆ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆ ಮಹಿಳೆಯರ ಟೂರ್ನಿ ಶುರು ಮಾಡಿದ್ದೇ 1982ರಲ್ಲಿ. ಆಕೆ ಆಡಿದ್ದು ಬೇರೆ ಸಂಸ್ಥೆಯ ಕೆಳಗೆ. ಹಾಗಾಗಿ ಅವಳ ಅಂಕ ಎನ್‌ಸಿಎಎ ಪುಸ್ತಕಕ್ಕೆ ಏರಲಿಲ್ಲ. ಯಾವ ಗೆರೆಯ ಯಾವ ಕಡೆ ನಿಂತಿದ್ದೀಯ ಎಂಬುದರ ಮೇಲೆ ಲೆಕ್ಕ ಬದಲಾಗುವುದು ಗಡಿ ಊರಿನವರಿಗೆ ಹೊಸದಾಗಿ ಹೇಳಿಕೊಡಬೇಕಾದ ಪಾಠವಲ್ಲ ಬಿಡಿ.

ಇಂಥವರು ಅಲ್ಲೇ ಏಕೆ ಹುಟ್ಟುತ್ತಾರೆ? ಎತ್ತರ ಒಂದೇ ಕಾರಣವಲ್ಲ. ನವೆಂಬರ್‌ನಿಂದ ಏಪ್ರಿಲ್ ಮೊದಲ ವಾರದವರೆಗೆ ಒಂದು ತಂಡ ಮೂವತ್ತರ ಆಸುಪಾಸು ಪಂದ್ಯ ಆಡುತ್ತದೆ. ಫೀಸು, ಊಟ, ವಸತಿ ಎಲ್ಲವೂ ಸ್ಕಾಲರ್‌ಶಿಪ್‌ನಲ್ಲಿ ಸಿಗಬಹುದು. ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಟೂರ್ನಿ ಮೊದಲು ವಲಯ ಮಟ್ಟದಲ್ಲಿ, ಗೆದ್ದರೆ ಅಖಿಲ ಭಾರತ ಮಟ್ಟದಲ್ಲಿ ನಡೆಯುತ್ತದೆ. ಕೆಲವೇ ದಿನಗಳ ಮಾತು. ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ತಂಡ ಬೇಗ ಸೋತರೆ ಆ ವರ್ಷದ ಮಟ್ಟಿಗೆ ಆಟ ಮುಗಿದಂತೆ. ಹತ್ತು ಪಂದ್ಯವೂ ಆಡದವನು ಮರಾವಿಚ್ ಆಗುವುದು ಹೇಗೆ?

ಅಂದಹಾಗೆ ಈ ಆಟ ಹುಟ್ಟಿದ್ದೇ ವಿದ್ಯಾಲಯದಲ್ಲಿ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯ ಮೇಷ್ಟ್ರು ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿ ನೇತುಹಾಕಿ ಶುರು ಮಾಡಿದ ಆಟವಿದು. ಅದೇ ವೈಎಂಸಿಎಯ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ವಿದ್ಯಾಲಯ ಕಟ್ಟಿದರು. ಆಗ ಅನಂತಪುರ ಜಿಲ್ಲೆಯೂ ಮದ್ರಾಸಿಗೇ ಸೇರಿತ್ತು, 1953ರವರೆಗೆ. ಅಂದರೆ ಬಾಸ್ಕೆಟ್‌ಬಾಲ್ ಈ ಸೀಮೆಗೆ ತೀರಾ ಪರದೇಶಿಯಲ್ಲ.

ಕನ್ನಡ ನಾಡಿನಿಂದ ಅಮೆರಿಕದ ಆ ಅಂಗಳಕ್ಕೆ ಹೋದವರೂ ಇದ್ದಾರೆ. ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ಫ್ಲಾಗ್‌ಸ್ಟಾಫ್ ಊರಿನ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯವನ್ನು ಸ್ಕಾಲರ್‌ಶಿಪ್ ಮೇಲೆ ಸೇರಿ ಅಲ್ಲಿನ ಮೊದಲ ದರ್ಜೆಯಲ್ಲಿ ಆಡಿದರು. ಭಾರತದಲ್ಲಿ ಎನ್‌ಬಿಎ ನಡೆಸಿದ ಹೆಣ್ಣುಮಕ್ಕಳ ಶಿಬಿರಗಳು ಅವರಿಗೆ ದಾರಿಯಾದವು. ಕ್ಲಾರ್ಕ್‌ನಂತೆ ದಾಖಲೆ ಬರೆದರೆ ಮಾತ್ರ ದೊಡ್ಡದು ಎಂದೇನಿಲ್ಲ. ಆಟದಿಂದ ಡಿಗ್ರಿಯ ಖರ್ಚು ಹುಟ್ಟುವುದೂ ಸಣ್ಣದಲ್ಲ.

ಗಡಿಯ ಮಕ್ಕಳಿಗೆ ತೊಡಕು ಬೇರೆ. ಮಡಕಶಿರಾಕ್ಕೆ ಬೆಂಗಳೂರು ಹತ್ತಿರ, ಆದರೆ ಶಾಲಾ ಕ್ರೀಡೆಯಲ್ಲಿ ಆಯ್ಕೆ ಆಂಧ್ರದ ಪರ. ಅದರ ಮೇಲೆ 2022ರಲ್ಲಿ ಜಿಲ್ಲೆ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ರೊಳ್ಳದ ಹುಡುಗಿಗೂ ಡಿ. ಹಿರೇಹಾಳದ ಹುಡುಗಿಗೂ ಈಗ ಜಿಲ್ಲಾ ತಂಡವೇ ಬೇರೆ.

ಅಮೆರಿಕದ ದಾರಿ ಹಿಡಿಯಬೇಕೆಂದರೆ ಡಿಗ್ರಿ ಮುಗಿಸಿ ಯೋಚಿಸಿದರೆ ತಡವಾಯಿತು. ಎನ್‌ಸಿಎಎ ನೋಡುವುದು ಒಂಬತ್ತನೇ ತರಗತಿಯಿಂದ ಇಂಟರ್ ಎರಡನೇ ವರ್ಷದವರೆಗಿನ (ಆ ಕಡೆಯವರಿಗೆ ಪಿಯುಸಿ) ಅಂಕಗಳನ್ನು. ಇಂಟರ್ ಮುಗಿಸಿ ಕಾಲೇಜು ಸೇರಲು ಬಹಳ ತಡ ಮಾಡಿದರೆ ಆಡುವ ಅವಕಾಶದ ವರ್ಷಗಳೇ ಕಡಿತವಾಗಬಹುದು. ಅಲ್ಲಿನ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು 2021ರಿಂದ ಅವಕಾಶವಿದೆಯಾದರೂ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಅದು ಸಲೀಸಲ್ಲ. ಇಂಗ್ಲಿಷ್ ಪರೀಕ್ಷೆಯನ್ನು ವಿಶ್ವವಿದ್ಯಾಲಯಗಳೇ ಕೇಳುತ್ತವೆ. ಆದರೆ ಕನ್ನಡ ಮೀಡಿಯಂನಲ್ಲಿ ಓದಿದ್ದು ಅಡ್ಡಿಯಾಗುವುದಿಲ್ಲ. ಅಂಕಪಟ್ಟಿ ಕನ್ನಡದಲ್ಲಿದ್ದರೆ ಮೂಲದ ಜೊತೆಗೆ ಸಾಲು ಸಾಲಿನ ಇಂಗ್ಲಿಷ್ ಅನುವಾದ ಕಳಿಸಿದರಾಯಿತು. ಒಂಬತ್ತನೇ ತರಗತಿಯ ಅಂಕಪಟ್ಟಿಯನ್ನು ಮಾತ್ರ ಯಾರೂ ಕಳೆದುಕೊಳ್ಳಬಾರದು.