ಇಂಕ್ ಪೆನ್ನಿನ ನಿಬ್ಬು ತೆಗೆದು ಕೂರಿಸುವ ಬಗೆ

ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ವಿನೋಬನಗರದ ನಮ್ಮ ಮನೆಗಳಲ್ಲಿ ಹಳೆಯ ಇಂಕ್ ಪೆನ್ನುಗಳು ಹೊರಬರುತ್ತವೆ. ಎರಡು ತಿಂಗಳು ಸುಮ್ಮನೆ ಬಿದ್ದಿದ್ದ ಪೆನ್ನು ಬರೆಯುವುದಿಲ್ಲ. ನಿಬ್ಬು ಹೋಯಿತೆಂದು ಎಸೆಯಬೇಡಿ. ಹೆಚ್ಚಿನ ಸಲ ನಿಬ್ಬು ಚೆನ್ನಾಗಿಯೇ ಇರುತ್ತದೆ. ಅದರಡಿಯ ಕಪ್ಪು ಪ್ಲಾಸ್ಟಿಕ್ ನಾಲಿಗೆಯಲ್ಲಿ ಇಂಕು ಒಣಗಿ ಗಟ್ಟಿಯಾಗಿರುತ್ತದೆ.

ಆ ನಾಲಿಗೆಯ ಮೇಲೆ ಉದ್ದಕ್ಕೂ ಸಣ್ಣ ಗೀರಿದೆ. ಅದರಲ್ಲಿ ಇಂಕು ಇಳಿಯುತ್ತದೆ, ಇಳಿದಷ್ಟು ಜಾಗಕ್ಕೆ ಗಾಳಿ ಏರುತ್ತದೆ. ಸಣ್ಣ ಸಂದಿನಲ್ಲಿ ದ್ರವ ತಾನಾಗಿ ಹರಿಯುವ ಇದೇ ಗುಣದಿಂದಲೇ ದೀಪದ ಬತ್ತಿ ಎಣ್ಣೆ ಹೀರುತ್ತದೆ, ಕಾಗದ ಇಂಕು ಹೀರುತ್ತದೆ. ಕಾಗದವೆಂದರೆ ನಾರುಗಳ ಹೆಣಿಗೆ. ಒರಟು ಹಾಳೆಯ ಒಂದೇ ಒಂದು ನಾರು ನಿಬ್ಬಿನ ಸೀಳಿಗೆ ಸಿಕ್ಕಿದರೂ ಅಕ್ಷರ ದಪ್ಪಗೆ ಹರಡುತ್ತದೆ.

ತೆಗೆಯುವ ಮೊದಲು ಇಂಕು ಚೆಲ್ಲಿ, ನಿಬ್ಬಿನ ಭಾಗವನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಬಿಸಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನಿಬ್ಬು ಯಾವ ಮಗ್ಗುಲಿಗೆ, ಎಷ್ಟು ಒಳಗಿದೆ ಎಂದು ನೋಡಿಟ್ಟುಕೊಳ್ಳಿ; ಒಂದು ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ಹಳೆಯ ಸೈಕಲ್ ಟ್ಯೂಬಿನ ತುಂಡಿನಿಂದ ನಿಬ್ಬನ್ನೂ ನಾಲಿಗೆಯನ್ನೂ ಒಟ್ಟಿಗೆ, ಬುಡದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ತುದಿ ಹಿಡಿದರೆ ನಿಬ್ಬು ಬಾಗುತ್ತದೆ. ಇಕ್ಕಳ ಬೇಡ. ಬರದಿದ್ದರೆ ಬಲ ಹಾಕದೆ ಮತ್ತೆ ನೆನೆಸಿ. ಹೀರೋ 616ರಂತೆ ನಿಬ್ಬು ಒಳಗೆ ಮರೆಯಾಗಿರುವ ಪೆನ್ನಿಗೆ ಈ ವಿಧಾನ ಸಲ್ಲದು. ಕೆಲವು ಪೆನ್ನುಗಳಲ್ಲಿ ನಿಬ್ಬಿನ ಜೋಡಣೆ ತಿರುಪಿ ಬಿಚ್ಚುವಂತಿರುತ್ತದೆ.

ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರಿನಲ್ಲಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಗೀರನ್ನು ಉಜ್ಜಿ, ಚೆನ್ನಾಗಿ ಜಾಲಿಸಿ. ಸೀಳಿಗೆ ಬ್ಲೇಡು ತೂರಿಸಬೇಡಿ.

ಕೂರಿಸುವಾಗ ನಿಬ್ಬಿನ ಸೀಳು ನಾಲಿಗೆಯ ಗೀರಿನ ಮೇಲೆ ಸರಿಯಾಗಿ ಬರಬೇಕು. ಎರಡನ್ನೂ ಬೆರಳಿನಲ್ಲಿ ಒತ್ತಿ ಹಿಡಿದು, ಮೊದಲು ಇದ್ದ ಆಳಕ್ಕೇ ತಳ್ಳಿ. ಕೆಲವು ಪೆನ್ನುಗಳ ಒಳಗೆ ಒಂದು ಕಡೆ ಚಪ್ಪಟೆ ಇರುತ್ತದೆ. ಅಂಥವು ಒಂದೇ ಮಗ್ಗುಲಿಗೆ ಕೂರುತ್ತವೆ. ನಾಲಿಗೆ ಹಿಂದೆ ಸರಿದು ನಿಬ್ಬಿನ ತುದಿಯಿಂದ ದೂರವಾದರೆ ಇಂಕು ಸರಿಯಾಗಿ ಇಳಿಯದೆ ಬರಹ ತೆಳುವಾಗುತ್ತದೆ. ಇವೆರಡರ ನಡುವೆ ಬೆಳಕು ಕಾಣಿಸಿದರೆ ಮತ್ತೆ ತೆಗೆದು ಕೂರಿಸಿ.

ಇಂಕು ತುಂಬಿ, ನಿಬ್ಬು ಕೆಳಗೆ ಮಾಡಿ ಐದು ನಿಮಿಷ ನಿಲ್ಲಿಸಿ, ಆಮೇಲೆ ಬರೆಯಿರಿ. ನಿಬ್ಬನ್ನು ಮತ್ತೆ ಮತ್ತೆ ಎಳೆದು ತೆಗೆದಷ್ಟೂ ಅದರ ಹಿಡಿತ ಸಡಿಲಾಗುತ್ತದೆ. ರಜೆಗೆ ಮೊದಲೇ ಪೆನ್ನು ತೊಳೆದಿಟ್ಟರೆ ಮುಂದಿನ ಜೂನಿನಲ್ಲಿ ಎಳೆಯುವ ಪ್ರಮೇಯವೇ ಬರದು.