ನಿತ್ಯಪುಷ್ಪದ ಎಲೆಯಲ್ಲಿ ಏನಿದೆ?

ನಿತ್ಯಪುಷ್ಪದ ಎಲೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜಗಿದರೆ ಸಕ್ಕರೆ ಕಾಯಿಲೆ ಹೋಗುತ್ತದಂತೆ, ಹೌದೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಸದಾಪುಷ್ಪ, ಕಾಶಿ ಕಣಗಿಲೆ ಎಂದೆಲ್ಲ ಕರೆಸಿಕೊಳ್ಳುವ, ಕಾಂಪೌಂಡಿನ ಬಿರುಕಿನಲ್ಲೂ ಬೇರೂರಿ ವರ್ಷವಿಡೀ ಹೂ ಬಿಡುವ ಗಿಡ ಇದು. ಮೂಲ ಮಡಗಾಸ್ಕರ್. ಜಗಿಯಬೇಡಿ ಎಂಬುದೇ ನನ್ನ ಉತ್ತರ. ಆದರೆ ಇದೇ ಪ್ರಶ್ನೆಯ ಬೆನ್ನು ಹತ್ತಿದವರಿಗೆ ಸಿಕ್ಕಿದ್ದೇ ಬೇರೆ.

ಜಮೈಕಾದಲ್ಲೂ ಈ ನಂಬಿಕೆ ಇತ್ತು. 1952ರಲ್ಲಿ ಅಲ್ಲಿಂದ ಬಂದ ಒಂದಷ್ಟು ಎಲೆ ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್ ಕೈಸೇರಿತು. ಸಾರ ಕುಡಿಸಿದ ಇಲಿಗಳ ಸಕ್ಕರೆ ಇಳಿಯಲಿಲ್ಲ. ಚುಚ್ಚುಮದ್ದಾಗಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ಬಿಳಿ ರಕ್ತಕಣಗಳು ತೀರಾ ಕುಸಿದಿದ್ದವು! ಬಿಳಿ ಕಣಗಳು ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದೇ ಮದ್ದಾಗಬಾರದೇಕೆ? ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಆ ಸಾರದಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಆಚೀಚೆ ಎಳೆಯುವ ಸೂಕ್ಷ್ಮ ನಳಿಕೆಗಳು ಕಟ್ಟಿಕೊಳ್ಳದಂತೆ ಇವು ತಡೆಯುತ್ತವೆ. ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬೇರೆ ಔಷಧಗಳ ಜೊತೆ ವಿನ್‌ಕ್ರಿಸ್ಟಿನ್ ಇಂದಿಗೂ ಬೇಕೇ ಬೇಕು.

ನನಗೆ ಇದಕ್ಕಿಂತಲೂ ಬೆರಗು ಹುಟ್ಟಿಸುವುದು ಎಲೆಯೊಳಗಿನ ಏರ್ಪಾಡು. ಕ್ಯಾಥರಾಂಥಿನ್, ವಿಂಡೊಲಿನ್ ಎಂಬ ಎರಡು ಅಣುಗಳು ಕೂಡಿದರೆ ವಿನ್‌ಬ್ಲಾಸ್ಟಿನ್ ಆಗುವ ದಾರಿ ತೆರೆಯುತ್ತದೆ. ಎರಡೂ ಎಲೆಯಲ್ಲಿ ಸಾಕಷ್ಟಿವೆ. ಹಾಗಿದ್ದೂ ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ನೂರಾರು ಕಿಲೋ ಒಣ ಎಲೆ ಬೇಕು. ಏಕೆ? ಕೆನಡಾದ ಸಂಶೋಧಕರು ಎಲೆಯನ್ನು ಅರೆಯದೆ, ಇಡಿಯಾಗಿ ಕ್ಲೋರೋಫಾರ್ಮಿನಲ್ಲಿ ಅದ್ದಿ ನೋಡಿದರು. ಎಲೆಯ ಮೈಮೇಲಿನ ಮೇಣ ಕರಗಿತು. ಅದರೊಂದಿಗೆ ಕ್ಯಾಥರಾಂಥಿನ್ ಹೆಚ್ಚುಕಡಿಮೆ ಪೂರ್ತಿ ಹೊರಬಂತು. ವಿಂಡೊಲಿನ್ ಮಾತ್ರ ಒಳಗೇ ಉಳಿಯಿತು. 2010ರಲ್ಲಿ ಪ್ರಕಟವಾದ ಈ ಪ್ರಯೋಗ ಗಿಡದ ಗುಟ್ಟು ಬಿಚ್ಚಿಟ್ಟಿತು. ಅರಾಲ್ಡೈಟ್ ಅಂಟಿನ ಎರಡು ಟ್ಯೂಬುಗಳ ಹಾಗೆ, ಕೂಡಬಾರದ ಎರಡನ್ನು ಗಿಡ ಬೇರೆಬೇರೆ ಇಟ್ಟಿದೆ: ಒಂದು ಹೊರಮೈಯಲ್ಲಿ, ಇನ್ನೊಂದು ಒಳಕೋಶಗಳಲ್ಲಿ. ಹೊರಗಿನದು ಸುಮ್ಮನೆ ಕೂತಿಲ್ಲ. ಕೀಟಗಳಿಗೆ ಅದು ವಿಷ. ರೋಗ ತರುವ ಶಿಲೀಂಧ್ರದಂಥ ಜೀವಿಗಳ ಬೆಳವಣಿಗೆಯನ್ನೂ ಅದು ತಡೆಯುತ್ತದೆ. ನಮ್ಮ ಬೀದಿಯ ಹಸುಗಳು ಬಾಯಿಗೆಟಕುವ ಹಸಿರನ್ನೆಲ್ಲ ಮೇಯುತ್ತವೆ, ಈ ಗಿಡದ ತಂಟೆಗೆ ಹೋದದ್ದನ್ನು ಮಾತ್ರ ನಾನು ಕಂಡಿಲ್ಲ.

2022ರಲ್ಲಿ ವಿಜ್ಞಾನಿಗಳು 34 ಸಸ್ಯಜೀನುಗಳನ್ನು ಯೀಸ್ಟಿಗೆ ಸೇರಿಸಿ, ಈ ಎರಡೂ ಅಣುಗಳನ್ನು ಅದರಿಂದಲೇ ಮಾಡಿಸಿದರು. ಆಮೇಲೆ ಪ್ರಯೋಗಾಲಯದಲ್ಲಿ ಅವನ್ನು ಜೋಡಿಸಿ ವಿನ್‌ಬ್ಲಾಸ್ಟಿನ್ ಪಡೆದರು. ಎಲೆಯ ರಾಶಿಗಾಗಿ ಕಾಯಬೇಕಿಲ್ಲದ ದಿನ ಬಂದರೆ ಅದಕ್ಕಿಂತ ಸಂತೋಷ ಇನ್ನೇನಿದೆ!

ಇನ್ನು, ಗಿಡದಿಂದ ಬಂದದ್ದು ಏನೂ ಕೆಡುಕು ಮಾಡುವುದಿಲ್ಲ ಎನ್ನುವವರಿಗೆ ಒಂದು ಮಾತು. ಈ ಗಿಡದ ನೆಂಟನಾದ ನಿಜವಾದ ಕಣಗಿಲೆಯೂ ಗಿಡವೇ. ಅದರ ವಿಷಕ್ಕೆ ಹೃದಯ ನಿಲ್ಲಿಸುವ ಶಕ್ತಿಯಿದೆ. ನಿತ್ಯಪುಷ್ಪದಲ್ಲಿ ನೂರಕ್ಕೂ ಹೆಚ್ಚು ಆಲ್ಕಲಾಯ್ಡುಗಳಿವೆ. ಯಾವ ಎಲೆಯಲ್ಲಿ ಯಾವುದು ಎಷ್ಟು ಎಂದು ಜಗಿಯುವವರಿಗೆ ಗೊತ್ತಾಗುವ ಬಗೆಯಿಲ್ಲ. ಆಸ್ಪತ್ರೆಯಲ್ಲಿ ವಿನ್‌ಕ್ರಿಸ್ಟಿನ್ ಅನ್ನು ದೇಹದ ಅಳತೆ ಲೆಕ್ಕಹಾಕಿ, ಮಿಲಿಗ್ರಾಂಗಳಲ್ಲಿ, ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಆಗಲೂ ನರಗಳಿಗೆ ಪೆಟ್ಟಾಗುವುದುಂಟು.

ಗಿಡ ಬೆಳೆಸಿ, ಹೂವನ್ನು ದೇವರಿಗೆ ಏರಿಸಿ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಈ ಎಲೆಯನ್ನೇ ನಂಬಿಕೊಂಡವರು ನಿಮ್ಮ ಮನೆಯಲ್ಲಿದ್ದರೆ ಇಂದೇ ವೈದ್ಯರ ಬಳಿ ಕರೆದೊಯ್ಯಿರಿ.