ಹೊಟ್ಟೆ ಉಬ್ಬರ: ಗ್ಯಾಸ್ ಅಂತ ಸುಮ್ಮನಿರಬೇಡಿ

ನಮ್ಮ ಜಮಾಅತ್‌ನ ಒಬ್ಬ ಉಮ್ಮ ಆರು ತಿಂಗಳು ಗ್ಯಾಸ್ ಮಾತ್ರೆ ನುಂಗಿದರು. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು. 'ವಯಸ್ಸಾಯ್ತಲ್ಲ' ಎಂದು ಮನೆಯವರೂ ಸುಮ್ಮನಿದ್ದರು. ಹೊಟ್ಟೆ ಊದಿದ್ದು ಕಣ್ಣಿಗೆ ಕಂಡ ಮೇಲೆ ಸ್ಕ್ಯಾನಿಂಗ್ ಮಾಡಿಸಿದರು. ಅಂಡಾಶಯದ ಕ್ಯಾನ್ಸರ್. ಆಗಲೇ ಹೊಟ್ಟೆಯೊಳಗೆ ಹರಡಿತ್ತು.

ಈ ಕಾಯಿಲೆ ಸದ್ದಿಲ್ಲದೆ ಹರಡುವುದಕ್ಕೆ ಕಾರಣವಿದೆ. ಗರ್ಭಕೋಶದ ಎರಡು ಬದಿಯಲ್ಲಿ ಬಾದಾಮಿಯಷ್ಟು ದೊಡ್ಡ ಅಂಡಾಶಯಗಳಿವೆ. ಅವುಗಳಿಗೂ ಹೊಟ್ಟೆಯ ಉಳಿದ ಜಾಗಕ್ಕೂ ನಡುವೆ ಗೋಡೆಯಿಲ್ಲ. ಎಷ್ಟೋ ಸಲ ಪಕ್ಕದ ಅಂಡನಾಳದ ತುದಿಯಲ್ಲೇ ಕಾಯಿಲೆ ಶುರುವಾಗುತ್ತದೆ. ಕ್ಯಾನ್ಸರ್ ಕಣಗಳು ಕಳಚಿ ಹೊಟ್ಟೆಯೊಳಗಿನ ನೀರಿಗೆ ಬೀಳುತ್ತವೆ. ಉಸಿರಾಟಕ್ಕೆ, ಕರುಳಿನ ಚಲನೆಗೆ ಆ ನೀರು ಓಡಾಡುವಾಗ ಅವೂ ಜೊತೆಗೆ ಹೋಗಿ, ನಿಂತಲ್ಲಿ ಬೀಜದಂತೆ ಮೊಳೆಯುತ್ತವೆ.

ಬಕ್ರೀದ್‌ಗೆ ಆಡು ಕೊಯ್ದಾಗ ಕರುಳಿನ ಮೇಲೆ ಬಲೆಯಂಥ ಕೊಬ್ಬಿನ ಪದರ ನೋಡಿರುತ್ತೀರಿ. ನಮ್ಮ ಹೊಟ್ಟೆಯಲ್ಲೂ ಅದಿದೆ. ಈ ಕಣಗಳು ಹೆಚ್ಚಾಗಿ ಹೋಗಿ ಕೂರುವುದು ಅಲ್ಲೇ. ಆಮೇಲೆ ನೀರು ತುಂಬಿ ಹೊಟ್ಟೆ ಊದುತ್ತದೆ. ದುಗ್ಧಗ್ರಂಥಿಗಳಿಗೂ ಹರಡಬಹುದು. ರಕ್ತದ ಮೂಲಕ ಯಕೃತ್ತಿನ ಒಳಗೆ, ಶ್ವಾಸಕೋಶಕ್ಕೆ ಹೋಗುವುದು ಸಾಮಾನ್ಯವಾಗಿ ಕೊನೆಗೆ.

ವೈದ್ಯರು ಇದನ್ನು 4 ಹಂತ ಮಾಡುತ್ತಾರೆ. ಅಂಡಾಶಯ, ಅಂಡನಾಳದಲ್ಲೇ ಇದ್ದರೆ 1, ಸೊಂಟದ ಭಾಗಕ್ಕೆ ಬಂದರೆ 2, ಹೊಟ್ಟೆಯ ಮೇಲ್ಭಾಗಕ್ಕೋ ಗ್ರಂಥಿಗಳಿಗೋ ಹೋದರೆ 3, ದೂರದ ಅಂಗಕ್ಕೆ ತಲುಪಿದರೆ 4. ಹೆಚ್ಚಿನವರಲ್ಲಿ ಗೊತ್ತಾಗುವುದು 3ನೇ ಹಂತದ ಹೊತ್ತಿಗೆ. ಹಾಗಂತ ಆಸೆ ಬಿಡಬೇಕಿಲ್ಲ. ಆಪರೇಷನ್ ಮತ್ತು ಕೀಮೋ ಈ ಹಂತದಲ್ಲೂ ಇವೆ.

ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಕೆಳಹೊಟ್ಟೆ ನೋವು, ಪದೇಪದೇ ಮೂತ್ರ. ಇವು ಹೊಸದಾಗಿ ಬಂದು ಎರಡು ಮೂರು ವಾರ ಬಿಡದಿದ್ದರೆ ಡಾಕ್ಟರಿಗೆ ತೋರಿಸಿ. 50 ದಾಟಿದವರು, ಮುಟ್ಟು ನಿಂತವರು ತಡ ಮಾಡಲೇಬಾರದು. ಉಮ್ಮನಿಗೋ ಸಹೋದರಿಗೋ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಇದ್ದರೆ ಅದನ್ನೂ ಹೇಳಿ. ಸ್ಕ್ಯಾನಿಂಗ್, ಸಿಎ-125 ಎಂಬ ರಕ್ತಪರೀಕ್ಷೆ ಮಾಡಿಸಲು ಹೇಳುತ್ತಾರೆ. ಗರ್ಭಕಂಠದ ಪ್ಯಾಪ್ ಪರೀಕ್ಷೆ ಸರಿಯಿದೆ ಅಂತ ನಿಶ್ಚಿಂತರಾಗಬೇಡಿ, ಅದು ಬೇರೆ ಕ್ಯಾನ್ಸರಿಗೆ.

ನಾಚಿಕೆಯಿಂದ ಬಾಯಿ ಬಿಡದ ಹೆಂಗಸರು ನಮ್ಮಲ್ಲಿ ತುಂಬಾ ಇದ್ದಾರೆ. ನಾಚಿಕೆ ಈಮಾನಿನ ಭಾಗ, ನಿಜ. ಆದರೆ ದೀನ್ ಕಲಿಯಲು ನಾಚಿಕೆ ಅಡ್ಡ ಬರಲು ಬಿಡದ ಅನ್ಸಾರಿ ಮಹಿಳೆಯರನ್ನು ಆಯಿಶಾ (ರ) ಹೊಗಳಿದ್ದಾರೆ. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿಯವರೇ (ಸ) ಹೇಳಿದ್ದಾರೆ. ಲೇಡಿ ಡಾಕ್ಟರ್ ಬೇಕೆಂದರೆ ಕೇಳಿ. ಗಂಡಂದಿರೇ, ಮಕ್ಕಳೇ, ಮನೆಯ ಹೆಂಗಸರು ಊಟ ಬಿಡುತ್ತಿದ್ದರೆ ನೀವಾಗಿಯೇ ವಿಚಾರಿಸಿ.

ಆ ಉಮ್ಮ ಈಗ ಕೀಮೋ ತೆಗೆದುಕೊಳ್ಳುತ್ತಿದ್ದಾರೆ. ದುಆ ಮಾಡಿ.